ಹೊಸ ಚೀಟಿ ಬಂದಿದೆಯಂತೆ!

ಸಂಗ್ರಹದ ಹುಚ್ಚು ಹತ್ತುವಾಗ ಊರಿಗೆಲ್ಲ ಗೊತ್ತಾಗುತ್ತದೆ, ಬಿಡುವಾಗ ಹತ್ತಿದವನಿಗೇ ತಿಳಿಯುವುದಿಲ್ಲ. ಅಂಚೆ ಇಲಾಖೆ ಅಂಚೆಚೀಟಿಗಳ ಹೊಸ ಸೆಟ್ಟೊಂದನ್ನು ಬಿಡುಗಡೆ ಮಾಡಿದೆ ಎಂಬ ಸುದ್ದಿ ಓದಿ, "ಓಹೋ" ಎಂದು ಪತ್ರಿಕೆ ಮಡಿಸಿಟ್ಟು ತಿಂಡಿಗೆ ಎದ್ದರೆ ರೋಗಿ ಗುಣವಾದ ಎಂದೇ ಲೆಕ್ಕ. ನಾನು ಹಾಗೆ ಗುಣವಾಗಿದ್ದೇನೆ. ಮನೆಯವಳಿಗೆ ಮಾತ್ರ ಇನ್ನೂ ನಂಬಿಕೆಯಿಲ್ಲ. "ಏನ್ರೀ, ಮೈ ಸರಿಯಿಲ್ವಾ?" ಎಂದು ಹಣೆ ಮುಟ್ಟಿ ನೋಡುತ್ತಾಳೆ.

ಅವಳ ಅನುಮಾನಕ್ಕೂ ಕಾರಣವಿದೆ. ಉದ್ಯೋಗದ ನೆಪದಲ್ಲಿ ಕೊಚ್ಚಿಯಲ್ಲೂ ತಿರುವನಂತಪುರದಲ್ಲೂ ಇದ್ದಷ್ಟು ಕಾಲ, ಬಿಡುಗಡೆಯ ದಿನ ನಾನು ಆಫೀಸಿಗೆ ತಡವಾಗಿ ಹೋಗುವುದು ವಾಡಿಕೆಯಾಗಿತ್ತು. ತಿರುವನಂತಪುರದ ಪುಳಿಮೂಡಿನ ಜಿಪಿಒ ಬಾಗಿಲಲ್ಲಿ ನನ್ನಂಥವರದೇ ಒಂದು ಗುಂಪು. ಬಿಡಿ ಚೀಟಿ ಒಂದು, ನಾಲ್ಕರ ಬ್ಲಾಕ್ ಒಂದು, ಫಸ್ಟ್ ಡೇ ಕವರ್ ಒಂದು, ವಿವರದ ಬ್ರೋಷರ್ ಒಂದು, ವಿನಿಮಯಕ್ಕೆಂದು ಇನ್ನೊಂದು ಸೆಟ್. ವಿನಿಮಯ ಯಾರೊಡನೆ? ಗುಂಪಿನಲ್ಲಿದ್ದವರೆಲ್ಲ ವಿನಿಮಯಕ್ಕೆಂದು ಅದೇ ಸೆಟ್ಟನ್ನೇ ಕೊಂಡಿರುತ್ತಿದ್ದರು!

ಸ್ವತಂತ್ರ ಭಾರತದ ಆರಂಭದ ವರ್ಷಗಳಲ್ಲಿ ಸಂಗ್ರಾಹಕನಿಗೆ ಉಸಿರಾಡಲು ಬಿಡುವಿತ್ತು. 1952ರಲ್ಲಿ ಕಬೀರ, ತುಲಸೀದಾಸ, ಮೀರಾ, ಸೂರದಾಸ, ಗಾಲಿಬ್, ಟಾಗೋರ್ ಎಂದು ಆರು ಚೀಟಿ ಬಂದವು. ಅದೊಂದು ದೊಡ್ಡ ಸಂಭ್ರಮ. 2017ಕ್ಕೆ ಬನ್ನಿ. ಸೆಪ್ಟೆಂಬರಿನಲ್ಲಿ ರಾಮಾಯಣದ 11 ಚೀಟಿ, ನವೆಂಬರಿನಲ್ಲಿ ಮಹಾಭಾರತದ 18. ಪುರಾಣ ಶ್ರವಣ ಮಾಡುವವನಿಗೂ ನಡುವೆ ಇದಕ್ಕಿಂತ ಹೆಚ್ಚು ವಿರಾಮ ಕೊಡುತ್ತಾರೆ. ವಾಸನೆಯ ಚೀಟಿಗಳದು ಬೇರೆಯೇ ಕಥೆ. 2006ರಲ್ಲಿ ಗಂಧ, ಮರುವರ್ಷ ಗುಲಾಬಿ, 2017ರಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಕಾಫಿ. ಕಾಫಿ ಚೀಟಿಯ ಬೆಲೆ ನೂರು ರೂಪಾಯಿ. ಆ ದುಡ್ಡಿಗೆ ಅಂದು ಯಾವ ದರ್ಶಿನಿಯಲ್ಲಾದರೂ ಗೆಳೆಯರ ಹಿಂಡಿಗೇ ಹೊಟ್ಟೆಗಿಳಿಯುವ ಕಾಫಿ ಸಿಗುತ್ತಿತ್ತು.

ಇವೆಲ್ಲವನ್ನೂ ಸಹಿಸಿದವನನ್ನು ಕೊನೆಗೆ ಕೆಡವಿದ್ದು 2011ರಲ್ಲೇ ಬಂದಿದ್ದ 'ಮೈ ಸ್ಟಾಂಪ್'. ಮುನ್ನೂರು ರೂಪಾಯಿ ಕೊಟ್ಟರೆ ನಮ್ಮ ಮುಖವೇ ಹಾಳೆಯ ಹನ್ನೆರಡೂ ಚೀಟಿಗಳಲ್ಲಿ. ಗಾಂಧೀಜಿಯ ಮುಖ ಭಾರತದ ಚೀಟಿಯ ಮೇಲೆ ಬಂದದ್ದು 1948ರ ಆಗಸ್ಟ್ 15ಕ್ಕೆ, ಅವರು ತೀರಿಕೊಂಡ ಮೇಲೆ. ನಾನು ಬದುಕಿರುವಾಗಲೇ, ಫೋಟೊ ಸ್ಟುಡಿಯೋದ ಬೆಲೆಗೆ, ಆ ಪದವಿಗೇರಬಹುದಿತ್ತು. ಕನ್ನಡಿಯ ಮುಂದೆ ನಿಂತು ಒಮ್ಮೆ ನೋಡಿಕೊಂಡೆ. ದೇಶದ ಅಂಚೆಯ ಮಾನ ಉಳಿಯಲಿ ಎಂದು ಸುಮ್ಮನಾದೆ.

ಹಾಗೆಂದು ಆಲ್ಬಂ ಅಟ್ಟಕ್ಕೆ ಹೋಗಲಿಲ್ಲ. ಹೊಸದರ ಮೇಲಿನ ಮೋಹ ಹೋಯಿತಷ್ಟೆ. ಹಳೆಯದು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಿತು. ಅದಕ್ಕೆ ನಾನಿದ್ದ ನೆಲವೇ ಕಾರಣ. ತಿರುವಾಂಕೂರಿಗೂ ಕೊಚ್ಚಿಗೂ ಸ್ವಂತ ಅಂಚೆಯಿತ್ತು, ಅದರ ಹೆಸರು ಅಂಚಲ್. ಗೆಜ್ಜೆ ಕಟ್ಟಿದ ಕೋಲು ಹಿಡಿದ ಓಟಗಾರ ಟಪ್ಪಾಲು ಹೊತ್ತು ಓಡುತ್ತಿದ್ದ. ಹಸಿರು ಬಣ್ಣದ ಅಂಚಲ್ ಪೆಟ್ಟಿಗೆ ಇಂದಿಗೂ ಅಲ್ಲಲ್ಲಿ ಉಳಿದಿದೆ. 1888ರಲ್ಲಿ ತಿರುವಾಂಕೂರು ಶಂಖದ ಚಿತ್ರವಿರುವ ಮೊದಲ ಚೀಟಿಗಳನ್ನು ಚಕ್ರಂ ಲೆಕ್ಕದಲ್ಲಿ ತಂದಿತು. ರೂಪಾಯಿಗೆ 28 ಚಕ್ರಂ. ಕಾಗದದೊಳಗೂ ಶಂಖದ ನೀರಚ್ಚು. 1892ರಲ್ಲಿ ಕೊಚ್ಚಿಯೂ ಪುತ್ತನ್ ಲೆಕ್ಕದಲ್ಲಿ ತನ್ನದನ್ನು ತಂದಿತು; ಅದರ ನೀರಚ್ಚು ಕೊಡೆ. ಮಳೆ ನೋಡಿದರೆ ಆಯ್ಕೆ ಸರಿಯೇ.

ಇಲ್ಲಿ ಕನ್ನಡಿಗನಿಗೆ ಒಂದು ಸಣ್ಣ ಸಂಕಟ. ಚಿಕ್ಕದೇವರಾಜ ಒಡೆಯರ ಕಾಲದಿಂದ ಅಂಚೆ ಇದ್ದ ನಮ್ಮ ಮೈಸೂರು, ತಿರುವಾಂಕೂರು ಚೀಟಿ ತಂದ ಮರುವರ್ಷವೇ ತನ್ನ ಅಂಚೆಯನ್ನು ಬ್ರಿಟಿಷರ ಅಂಚೆಯಲ್ಲಿ ಸೇರಿಸಿಬಿಟ್ಟಿತು. ಸ್ವಂತದ ಒಂದು ಚೀಟಿಯನ್ನೂ ಅಚ್ಚು ಹಾಕಲಿಲ್ಲ. ಮಲಯಾಳಿ ಗೆಳೆಯರೊಬ್ಬರು ಇದನ್ನು ನೆನಪಿಸಿ, "ಸಾರೇ, ನಿಮ್ಮ ಆಲ್ಬಂ ಬಲು ಹಗುರ" ಎನ್ನುತ್ತಿದ್ದರು.

ಕೊಚ್ಚಿಯ ಪುಟಗಳಲ್ಲಿ ರಾಜರೇ ನಿಲ್ಲುವುದಿಲ್ಲ. ಅಲ್ಲಿ ಪಟ್ಟ ಕುಟುಂಬದ ಹಿರಿಯ ಗಂಡಸಿಗೆ; ಸಿಂಹಾಸನಕ್ಕೆ ಬರುವ ಹೊತ್ತಿಗೆ ತಲೆ ನೆರೆತಿರುತ್ತಿತ್ತು. 1941ರಿಂದ 1948ರೊಳಗೆ ನಾಲ್ವರು ಪಟ್ಟಕ್ಕೆ ಬಂದರು. ಹೊಸ ಮುಖ ಅಚ್ಚಾಗುವಷ್ಟರಲ್ಲಿ ಇನ್ನೊಬ್ಬರ ಸರದಿ. ಹಳೆಯ ಚೀಟಿಯ ಮೇಲೆಯೇ ಹೊಸ ಬೆಲೆ ಒತ್ತಿ ಕೆಲಸ ಸಾಗಿಸಿದ್ದೂ ಉಂಟು. 1949ರಲ್ಲಿ ಎರಡೂ ರಾಜ್ಯ ಒಂದಾದಾಗ ತಿರುವಾಂಕೂರಿನ ಚೀಟಿಗಳ ಮೇಲೆ ಆಣೆ ಪೈಗಳನ್ನು ಒತ್ತುವ ಭರಾಟೆಯಲ್ಲಿ ಅಕ್ಷರ ಹಿಂದುಮುಂದಾದವು, ತಲೆಕೆಳಗಾದವು. ಅವೇ ಈಗ ಸಂಗ್ರಾಹಕರ ಪಾಲಿನ ಸೌಭಾಗ್ಯ. ತಿರುವಾಂಕೂರಿನ 1939ರ ಸೆಟ್ಟಿನಲ್ಲಿ ಕನ್ಯಾಕುಮಾರಿಯೂ ಪೇಚಿಪ್ಪಾರೆ ಅಣೆಕಟ್ಟೂ ಇವೆ. 1956ರಲ್ಲಿ ಎರಡೂ ಇದ್ದಲ್ಲೇ ಇದ್ದು ರಾಜ್ಯ ಬದಲಾಯಿಸಿದವು.

1951ರಲ್ಲಿ ಅಂಚಲ್ ಭಾರತದ ಅಂಚೆಯಲ್ಲಿ ಸೇರಿತು, ಅಂಗಡಿ ಮುಚ್ಚಿತು. ಇನ್ನು ಆ ಪುಟಗಳಿಗೆ ಹೊಸದು ಬರುವುದಿಲ್ಲ. ಬರುವುದಿದ್ದರೆ ಕೊಚ್ಚಿಯ ಮಟ್ಟಾಂಚೇರಿಯ ಯಾವುದೋ ಹಳೇ ದಫ್ತರದಿಂದ, ಮುದ್ರೆಯ ಮಸಿ ಹೊತ್ತು ಬರಬೇಕು. ನನ್ನ ಆಲ್ಬಮ್ಮಿನಲ್ಲಿ ಇನ್ನೂ ಖಾಲಿ ಇರುವ ಜಾಗಗಳೇ ನನ್ನನ್ನು ಹಳೆಯ ಅಂಗಡಿಗಳ ಕಡೆ ಎಳೆಯುತ್ತವೆ. ಇಲಾಖೆಯ ಹೊಸ ಸೆಟ್ ಹಾಗಲ್ಲ. ಕೌಂಟರಿಗೆ ಬರುವಾಗಲೇ ಅದು ಪೂರ್ಣ. ಹುಡುಕಾಟವಿಲ್ಲ, ಚೌಕಾಸಿಯಿಲ್ಲ, ಕಾಗದ ಹೊತ್ತು ಒಂದು ಮೈಲಿ ಹೋದದ್ದೂ ಇಲ್ಲ. ದುಡ್ಡು ಕೊಟ್ಟು ಸೀದಾ ಪ್ಲಾಸ್ಟಿಕ್ ಹಾಳೆಯೊಳಗೆ ಮಲಗಿಸಬೇಕು. ಸಂಗ್ರಹಿಸಲೆಂದೇ ಅಚ್ಚಾದದ್ದಕ್ಕೆ ಗಿರಾಕಿ ಸಾಕು, ಸಂಗ್ರಾಹಕ ಬೇಡ.

ಆದರೆ ಚೀಟಿಗಳ ಮೇಲೆ ನನಗೆ ಮುನಿಸಿಲ್ಲ. ಚಿತ್ರಗಳು ನಿಜಕ್ಕೂ ಚೆಂದ. ಊರೊಳಗಾಗಲಿ ದೆಹಲಿಗಾಗಲಿ, ಇಪ್ಪತ್ತು ಗ್ರಾಂವರೆಗಿನ ಕಾಗದಕ್ಕೆ ಐದು ರೂಪಾಯಿಯ ಚೀಟಿ ಸಾಕು. ಆದ್ದರಿಂದ, ಓದುಗರೇ, ಹೊಸ ಸೆಟ್ ಬಂದಾಗ ಧಾರಾಳವಾಗಿ ಕೊಳ್ಳಿ. ಆಲ್ಬಮ್ಮಿಗೆ ಹಾಕಬೇಡಿ, ಲಕೋಟೆಗೆ ಅಂಟಿಸಿ ಯಾರಿಗಾದರೂ ನಾಲ್ಕು ಸಾಲು ಬರೆದು ಡಬ್ಬಿಗೆ ಹಾಕಿ. ಮುಂದಿನ ಕಾಲದ ಸಂಗ್ರಾಹಕನಿಗೂ ಹುಡುಕಲು ಏನಾದರೂ ಉಳಿಯಲಿ.