ಫಿಸ್ಕ್ ಮೇಲೆ ಬಾಗಿದ ದಿಗಂತ

ರಿಪನ್ ಊರು ದಾಟುತ್ತಿದ್ದಂತೆ ರೈಲುಹಳಿ ಕಣ್ಣಿಗೆ ಬಿತ್ತು. ಇಲ್ಲಿಂದ ಫಿಸ್ಕ್ ಎಂಬ ಊರಿನವರೆಗೆ ಅದರ ನೇರಕ್ಕೇ ಹಾರಬೇಕು. ಎತ್ತರ 1,800 ಅಡಿ, ವೇಗ 90 ನಾಟ್, ಅಂದರೆ ಗಂಟೆಗೆ ಸುಮಾರು 165 ಕಿ.ಮೀ., ಮುಂದಿನ ವಿಮಾನಕ್ಕೂ ನಮಗೂ ಅರ್ಧ ಮೈಲಿ ಅಂತರ. ಜುಲೈ ತಿಂಗಳ ಕೊನೆಯ ವಾರ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್‌ನ ವಿಮಾನ ಮೇಳಕ್ಕೆಂದು ಅಲ್ಲಿಗೂ ಸುತ್ತಲಿನ ನಿಲ್ದಾಣಗಳಿಗೂ 10,000ದಷ್ಟು ವಿಮಾನಗಳು ಬಂದಿಳಿಯುತ್ತವೆ. ಅವುಗಳಲ್ಲಿ ಎಷ್ಟೋ ಮನೆಯ ಗ್ಯಾರೇಜಿನಲ್ಲೇ ಹುಟ್ಟಿದವು. ನಾನು ಕೂತಿದ್ದ ಲಾಂಗ್-ಈಝಿಯೂ ಅಂಥದ್ದೇ.

ಬರ್ಟ್ ರುಟಾನ್ ರೂಪಿಸಿದ ಈ ವಿಮಾನ ಮೊದಲು ಹಾರಿದ್ದು 1979ರಲ್ಲಿ. ನಕ್ಷೆ ಕೊಂಡವರು ಫೋಮ್ ದಿಮ್ಮಿಗಳನ್ನು ಕಾದ ತಂತಿಯಿಂದ ಕೊಯ್ದು, ಫೈಬರ್‌ಗ್ಲಾಸ್ ಬಟ್ಟೆ ಹೊದಿಸಿ, ರಾಳ ಸವರಿ ತಾವೇ ರೆಕ್ಕೆ ಕಟ್ಟುತ್ತಿದ್ದರು. ಎಂಜಿನ್ ಬೆನ್ನ ಹಿಂದೆ. ಮೂತಿಯ ಬಳಿ ಇನ್ನೊಂದು ಪುಟ್ಟ ರೆಕ್ಕೆ. ಒಳಗೆ ಅರ್ಧ ಮಲಗಿದಂತೆ ಕೂರಬೇಕು. ಕಾಲುಗಳ ನಡುವೆ ಕಂಟ್ರೋಲ್ ಸ್ಟಿಕ್ ನಿಲ್ಲಿಸಲು ಜಾಗವೇ ಇಲ್ಲ. ಅದಕ್ಕೇ ಅದು ಬಲಬದಿಗೆ ಸರಿದು, ಗೇಣಿಗಿಂತ ಗಿಡ್ಡವಾಗಿದೆ. ಹಿಂದಿನ ಸೀಟಿಗೂ ಒಂದು ಸ್ಟಿಕ್ ಇದೆ. ಎರಡೂ ಒಟ್ಟಿಗೇ ಆಡುತ್ತವೆ.

"ಮುಟ್ಟಿ ನೋಡಿ, ಬಿಗಿಯಾಗಿ ಹಿಡಿಯಬೇಡಿ" ಎಂದಿದ್ದರು ಮುಂದಿನ ಸೀಟಿನಲ್ಲಿ ಕೂತು ಹಾರಿಸುತ್ತಿದ್ದ, ಈ ವಿಮಾನ ಕಟ್ಟಿದ ಹಿರಿಯರು.

ಮುಂಗೈ ಊರಿ ಬೆರಳು ತಾಗಿಸಿದೆ. ಕೆಳಗಿನ ಹಸಿರು ಹೊಲಗಳು ಮರೆತೇಹೋದವು! ನಡುವೆ ಕಂಪ್ಯೂಟರ್ ಇಲ್ಲ, ಹೈಡ್ರಾಲಿಕ್ ಪಂಪ್ ಇಲ್ಲ. ಇರುವುದು ಕೊಳವೆಗಳು, ಕೀಲುಗಳು, ಅಷ್ಟೇ. ಗಾಳಿಪಟದ ದಾರ ಬೆರಳಿಗೆ ಗಾಳಿಯ ಸುದ್ದಿ ತರುವ ಹಾಗೆ ಆ ಸ್ಟಿಕ್ ನನಗೆ ಆಕಾಶದ ಒತ್ತಡವನ್ನು ತಲುಪಿಸುತ್ತಿತ್ತು. ಹಿಂದಕ್ಕೆ ಎಳೆದರೆ ಚಲನೆ ಮೂತಿಯತ್ತ ಹೋಗಿ, ಪುಟ್ಟ ರೆಕ್ಕೆಯ ಹಿಂಬದಿಯ ಪಟ್ಟಿ, ಅಂದರೆ ಎಲಿವೇಟರ್, ಕೆಳಕ್ಕೆ ಬಾಗುತ್ತದೆ. ಅಲ್ಲಿ ಎತ್ತುಬಲ ಹೆಚ್ಚಿ ಮೂತಿ ಏಳುತ್ತದೆ. ಬಾಲದಲ್ಲಿ ಎಲಿವೇಟರ್ ಇರುವ ವಿಮಾನದಲ್ಲಿ ಅದು ಮೇಲಕ್ಕೆ ಬಾಗಿ ಬಾಲವನ್ನು ಕೆಳಕ್ಕೆ ಒತ್ತುತ್ತದೆ. ಪಕ್ಕಕ್ಕೆ ವಾಲಿಸಿದರೆ ಚಲನೆ ಹಿಂದಕ್ಕೆ, ದೊಡ್ಡ ರೆಕ್ಕೆಯ ಅಂಥದೇ ಪಟ್ಟಿಗಳಾದ ಏಲೆರಾನ್‌ಗಳಿಗೆ. ಒಂದೇ ಮಣಿಕಟ್ಟಿನ ಎರಡು ಆಟ ವಿಮಾನದ ಎರಡು ದಿಕ್ಕಿಗೆ!

ಸ್ಟಿಕ್ ಗಿಡ್ಡವಾದಷ್ಟೂ ಸನ್ನೆಯ ಬಲ ಕಡಿಮೆ. ಹಾಗಾಗಿ ಯಾವ ಕೀಲೂ ಬಿಗಿಯಬಾರದು, ಸಡಿಲವೂ ಆಗಬಾರದು. ಬಲಗೈಯವರು ಏನಾದರೂ ಬರೆದುಕೊಳ್ಳಬೇಕಾದರೆ ಕೈ ಬದಲಿಸಬೇಕು, ಅದೊಂದು ತೊಡಕು. ಆದರೆ ಗಾಳಿ ಕುಲುಕಿ ಮೈಯೆಲ್ಲ ಎಗರಿದಾಗಲೂ ಊರಿದ ಮುಂಗೈ ಕದಲುವುದಿಲ್ಲ. ಈ ಗುಣವೊಂದೇ ಸಾಕು, ನಾನು ಈ ವಿನ್ಯಾಸಕ್ಕೆ ಮನಸೋಲಲು.

ಫಿಸ್ಕ್ ಬಂತು. ಇಲ್ಲಿ ನಿಯಂತ್ರಕರು ನೆಲದ ಮೇಲೆ ನಿಂತು, ಬೈನಾಕ್ಯುಲರ್‌ನಲ್ಲಿ ನೋಡಿ, ಆಕಾರ ಬಣ್ಣ ಹೇಳಿಯೇ ವಿಮಾನವನ್ನು ಕರೆಯುತ್ತಾರೆ. ಪೈಲಟ್ ರೇಡಿಯೊದಲ್ಲಿ ಮಾತಾಡುವುದಿಲ್ಲ, ರೆಕ್ಕೆ ಅಲ್ಲಾಡಿಸಿ ಉತ್ತರ ಕೊಡುತ್ತಾರೆ.

"ಬಿಳಿ ಲಾಂಗ್-ಈಝಿ, ರೆಕ್ಕೆ ಅಲ್ಲಾಡಿಸಿ!"

ನನ್ನ ಬೆರಳಡಿಯ ಸ್ಟಿಕ್ ಎಡಕ್ಕೆ, ಬಲಕ್ಕೆ ತುಸುವೇ ಸರಿಯಿತು. ಅಷ್ಟಕ್ಕೇ ವಿಸ್ಕಾನ್ಸಿನ್ನಿನ ದಿಗಂತ ಇಡಿಯಾಗಿ ಆ ಕಡೆ ಬಾಗಿ, ಈ ಕಡೆ ಬಾಗಿತು. ಸಂತೋಷಕ್ಕೆ ಕೂಗಿಯೇಬಿಟ್ಟೆ.

ಆಶ್‌ಕಾಶ್‌ನ ರನ್‌ವೇ ಮೇಲೆ ಬಣ್ಣದ ಚುಕ್ಕೆಗಳಿದ್ದವು. ನಾವು ಇಳಿಯಬೇಕಾದದ್ದು ಹಸಿರರ ಮೇಲೆ. ನೆಲ ಹತ್ತಿರವಾದಂತೆ ಸ್ಟಿಕ್ ಮೆಲ್ಲಗೆ ಹಿಂದಕ್ಕೆ ಜಾರಿತು. ಹಿಂಚಕ್ರಗಳು ತಾಗಿದ ಮೇಲೂ ಮೂತಿ ಎತ್ತಿದಂತೆಯೇ ಇತ್ತು. ವೇಗ ಕುಗ್ಗಿ, ಪುಟ್ಟ ರೆಕ್ಕೆಗೆ ಬಲ ಸಾಲದಾದಾಗ ಮೂತಿ ಇಳಿಯಿತು.

ನಿಲ್ಲಿಸಿದ ಕೂಡಲೇ ನಾನು ಕೇಳಿದ್ದು ಇಷ್ಟೇ: "ಆ ಕೊಳವೆಗಳನ್ನು ತೋರಿಸುತ್ತೀರಾ ಸರ್?"