ಹಂಪೆಯ ಪೇಟೆಬೀದಿ

ನಮ್ಮ ಸುರಪುರ ಸೀಮೆಯ ದೇವಾಪುರದಲ್ಲಿ ಅಂಗಡಿಯೆಂದರೆ ಮನೆಯ ಮುಂದಿನ ಕಟ್ಟೆಯೇ. ಹಿಂದೆ ಸಂಸಾರ, ಮುಂದೆ ವ್ಯಾಪಾರ. ಬಂದವರು ಶಹಾಬಾದಿ ಹಾಸುಗಲ್ಲಿನ ಮೇಲೆ ಕುಳಿತು ಬೆಲ್ಲದ ಬೆಲೆಯನ್ನೂ ಊರ ಸುದ್ದಿಯನ್ನೂ ಒಟ್ಟಿಗೇ ವಿಚಾರಿಸುವರು. ಇದೇ ಕಟ್ಟೆಯು ಒಂದು ರಾಜಧಾನಿಯಲ್ಲಿ ಎಂತಹ ರೂಪವನ್ನು ತಾಳಿತ್ತೆಂಬುದನ್ನು ಕಾಣಬೇಕಾದರೆ ತಿಂಥಣಿಯ ಬಳಿ ಕೃಷ್ಣೆಯನ್ನು ದಾಟಿ, ಲಿಂಗಸೂಗೂರಿನ ಮಾರ್ಗವಾಗಿ ಹಂಪೆಯನ್ನು ಸೇರಬೇಕು. ನಾವು ದೊಡ್ಡವ್ವನನ್ನೂ ಕರೆದುಕೊಂಡು ಹೋಗಿದ್ದೆವು.

ವಿರೂಪಾಕ್ಷ ದೇವಾಲಯದ ಮಹಾದ್ವಾರದಿಂದ ಪೂರ್ವಕ್ಕೆ ಹೊರಡುವ ಈ ಬೀದಿಯು ಸುಮಾರು 750 ಮೀಟರು ನೇರವಾಗಿ ಸಾಗಿ, ಮತಂಗ ಪರ್ವತದ ಬುಡದಲ್ಲಿ ಎದುರು ಬಸವಣ್ಣನ ಬಳಿ ನಿಲ್ಲುತ್ತದೆ. ರಥವು ಹರಿಯುವುದೂ ಇಲ್ಲಿಯೇ; ಆದುದರಿಂದಲೇ ಇಷ್ಟು ಅಗಲ. ಎರಡು ಪಕ್ಕಗಳಲ್ಲಿಯೂ ಕಲ್ಲಿನ ಮಂಟಪಗಳ ಸಾಲು. ಎತ್ತರವಾದ ಜಗಲಿ, ಅದರ ಮೇಲೆ ಒರಟು ಕಣಶಿಲೆಯ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಕಮಾನಿನ ಗೊಡವೆಯೇ ಇಲ್ಲ. ಒಂದು ಕಲ್ಲಿನ ಭಾರವೇ ಮತ್ತೊಂದನ್ನು ಅಲುಗದಂತೆ ಹಿಡಿದಿದೆ. ದೇವಾಲಯದ ಶಿಲ್ಪವನ್ನು ನೋಡಿ ಬಂದ ಕಣ್ಣಿಗೆ ಇವು ಬಡವಾಗಿ ಕಂಡಾವು. ಆದರೆ ಬಿಸಿಲಲ್ಲಿ ಬೆಂದು ಬಂದವನು ಒಮ್ಮೆ ಆ ಜಗಲಿಯನ್ನು ಹತ್ತಿ ನೋಡಲಿ! ಬೀದಿಯ ಪೂರ್ವದ ತುದಿಯಲ್ಲಿರುವ ಎರಡು ಅಂತಸ್ತಿನ ಮಂಟಪವು ಮಾತ್ರ ಬೇರೆ ಜಾತಿಯದು. ಅದರ ನುಣುಪಾದ ಕಂಬಗಳು ಚಾಲುಕ್ಯರ ಕೆಲಸವನ್ನು ನೆನಪಿಗೆ ತರುತ್ತವೆ.

ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ಬಂದ ಪೋರ್ಚುಗೀಸ ಪಾಯೆಸನು ಈ ಬೀದಿಯ ಅಂದವಾದ ಮನೆಗಳನ್ನೂ ಯಾತ್ರಿಕರು ತಂಗುವ ಮೊಗಸಾಲೆಗಳನ್ನೂ ವರ್ಣಿಸಿದ್ದಾನೆ. 1565ರ ಯುದ್ಧದ ತರುವಾಯ ನಗರವು ಹಾಳಾಯಿತು, ಕಲ್ಲುಗಳು ಉಳಿದವು. ನಮ್ಮ ಕಾಲದಲ್ಲಿ ಎಷ್ಟೋ ಕುಟುಂಬಗಳು ಈ ಕಂಬಗಳ ನಡುವೆ ಗೋಡೆಯಿಟ್ಟು, ಹಿಂದೆ ಒಲೆಯನ್ನೂ ಮುಂದೆ ಅಂಗಡಿಯನ್ನೂ ಹೂಡಿ ಬಾಳಿದವು. 2011ರ ಜುಲೈ ತಿಂಗಳಲ್ಲಿ ಆ ಗೋಡೆಗಳನ್ನು ಕೆಡವಿ, ಅವರನ್ನು ಎಬ್ಬಿಸಲಾಯಿತು. ಅನಂತರ ಕಡ್ಡಿರಾಂಪುರದ ಬಳಿ ಅವರಿಗೆ ನಿವೇಶನಗಳನ್ನು ಗೊತ್ತುಮಾಡಿದರು.

ಸಿಮೆಂಟು ಮೆತ್ತಿದ ಕಂಬವನ್ನು ಕಂಡು ಯಾರಿಗೆ ತಾನೆ ನೋವಾಗದು? ಕಲ್ಲನ್ನು ಕಾಯಬೇಕಾದುದು ನ್ಯಾಯವೇ. ಆದರೂ ಅಂಗಡಿಗೆ ಅಂಗಡಿಕಾರನೇ ಪರಕೀಯನಾದನೆಂಬುದನ್ನು ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ.

ದೊಡ್ಡವ್ವನು ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, ಬರಿದಾದ ತನ್ನ ಸಂಚಿಯನ್ನು ಮಡಚುತ್ತ ಕೇಳಿದಳು: “ಇಷ್ಟು ದೊಡ್ಡ ಬಜಾರದಾಗ ಒಂದು ಎಲಿ-ಅಡಕಿ ಸಿಗಂಗಿಲ್ಲೇನೋ, ತಮ್ಮಾ?”