ಒಬ್ಬಳಿಗೆ ಎಷ್ಟು?

ಅಗ್ಗ ಎಂಬ ಎರಡಕ್ಷರದ ಮಾತನ್ನು ನಮ್ಮ ಹೆಂಗಸರಷ್ಟು ಅರೆದು ಕುಡಿದವರು ಬೇರೆ ಯಾರೂ ಇಲ್ಲವೆಂದು ನನ್ನ ನಂಬಿಕೆ. ಸಂತೆಯಲ್ಲಿ ಬದನೆಕಾಯಿಯ ತೊಟ್ಟು ನೋಡಿ, ಸೀರೆ ಅಂಗಡಿಯಲ್ಲಿ ಸೆರಗಿನ ಒಳಮೈ ತಿರುವಿ ನೋಡಿ, ಹಾಲಿನವನ ಅಳತೆ ಪಾತ್ರೆಯ ತಳದ ತಗ್ಗನ್ನೂ ನೋಡಿ ಸಂಸಾರ ತೂಗಿಸಿದ ಜನ ನಾವು. ಆದರೆ ಈ ಜಾಣತನವೆಲ್ಲ ಮನೆಗಾಗಿ, ಮಕ್ಕಳಿಗಾಗಿ, ಮದುವೆ ಮುಂಜಿಗಳಿಗಾಗಿ ಖರ್ಚಾಗುತ್ತದೆಯೇ ಹೊರತು, ನಮ್ಮದೇ ಒಂದು ಸಂತೋಷಕ್ಕಾಗಿ ಕೂತು ಚೌಕಾಸಿ ಮಾಡಿದ್ದು ಎಷ್ಟು ಜನಕ್ಕೆ ನೆನಪಿದೆ? ನೀವೇ ಹೇಳಿ.

ನನಗಂತೂ ಆ ಅವಕಾಶ ಬಂದದ್ದು ನನ್ನ ದೊಡ್ಡಕ್ಕನಿಂದ. ಅವಳಿರುವುದು ಕುಮಟಾದಲ್ಲಿ. ಅಂಗಳಕ್ಕಿಳಿದರೆ ಕಡಲಿನ ಮೊರೆತ ಕೇಳುವ ಮನೆ. ಅರವತ್ತನಾಲ್ಕು ವರ್ಷ ಆ ಮೊರೆತ ಕೇಳುತ್ತಲೇ ಬದುಕಿದವಳು, ನೀರಿನ ಮೇಲೆ ಹೋದದ್ದು ಮಾತ್ರ ಅಘನಾಶಿನಿ ಹೊಳೆ ದಾಟುವ ದೋಣಿಯಲ್ಲಷ್ಟೆ. ಭಾವ ತೀರಿಕೊಂಡು ಹನ್ನೊಂದು ವರ್ಷವಾಯಿತು. ಕುಟುಂಬ ಪಿಂಚಣಿ, ಹಿತ್ತಿಲ ತೆಂಗು, ಒಂದು ಹಸು, ಇಷ್ಟರಲ್ಲಿ ಯಾರಿಗೂ ಕೈಚಾಚದೆ ನಡೆಸಿಕೊಂಡು ಬಂದವಳು. 2025ರ ಸಂಕ್ರಾಂತಿಗೆ ನಾನು ಶಿರಸಿಯಿಂದ ಹೋದಾಗ, ಎಳ್ಳು ಬೀರುತ್ತ ಬೀರುತ್ತ, "ಒಂದು ಸಲ ಹಡಗಿನಲ್ಲಿ ಹೋಗಬೇಕು ಮಾರಾಯ್ತಿ" ಎಂದುಬಿಟ್ಟಳು.

ಈ ಆಸೆ ಇದ್ದಕ್ಕಿದ್ದಂತೆ ಹುಟ್ಟಿದ್ದಲ್ಲ. ಅದಕ್ಕೆ ನಮ್ಮ ಅಜ್ಜಿಯ ತಮ್ಮನೇ ಕಾರಣ. ಆತ ಹುಡುಗನಾಗಿದ್ದಾಗ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸ ಮಾಡಲು ಇದೇ ಕರಾವಳಿಯಿಂದ ಆಗಬೋಟು ಹತ್ತಿ ಹೋದವನು. ಆಗ ನಮ್ಮ ಕಡೆಯವರಿಗೆ ಮುಂಬಯಿ ಎಂದರೆ ಸಮುದ್ರದ ದಾರಿಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಹುಬ್ಬಳ್ಳಿ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದಲೇ ಮುಂಬಯಿ ಸೇರುತ್ತಿತ್ತು. ಹತ್ತಿ ಹೋದ ದಾರಿಯಲ್ಲೇ ಆಮೇಲೆ ನಮ್ಮ ಹುಡುಗರೂ ಹೋದರು. ಹಡಗು ದೂರದಲ್ಲಿ ಲಂಗರು ಹಾಕುವುದು, ಇವರು ದೋಣಿಯಲ್ಲಿ ಹೋಗಿ ಏಣಿ ಹತ್ತುವುದು, ಮೇಲಿನ ಬಯಲು ಅಟ್ಟದಲ್ಲಿ ಸ್ವಂತ ಚಾಪೆ ಹಾಸಿ, ಮನೆಯಿಂದ ಕಟ್ಟಿಕೊಂಡ ಅವಲಕ್ಕಿ ತಿಂದು ನಕ್ಷತ್ರ ಎಣಿಸುತ್ತ ಮಲಗುವುದು. ಅಜ್ಜಿ ಈ ಕತೆಯನ್ನು ಹೇಳುವಾಗಲೆಲ್ಲ ದೊಡ್ಡಕ್ಕ ಬಾಯಿ ತೆರೆದು ಕೇಳುತ್ತಿದ್ದಳು. ಆದರೆ ಕೊನೆಗೆ ಅಜ್ಜಿ ರಾಮದಾಸ ಹಡಗಿನ ಮಾತನ್ನೂ ಸೇರಿಸುತ್ತಿದ್ದಳು. 1947ರ ಜುಲೈ 17ರಂದು ಮುಂಬಯಿಯಿಂದ ರೇವಸ್‌ಗೆ ಹೊರಟ ಆ ಹಡಗು ಮಳೆಗಾಲದ ಕಡಲಿನಲ್ಲಿ ಮುಳುಗಿ ಆರುನೂರಕ್ಕೂ ಹೆಚ್ಚು ಜನ ಸತ್ತರು. "ಹೆಣ್ಣುಮಕ್ಕಳಿಗೆ ಹಡಗಿನ ಉಸಾಬರಿ ಬೇಡ" ಎಂಬುದು ಅಜ್ಜಿಯ ತೀರ್ಪು. ಮುಂದೆ ರಸ್ತೆ ಬಂತು, ಬಸ್ಸು ಬಂತು, 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿತು. ಆಗಬೋಟು ಎಂಬ ಮಾತೇ ನಮ್ಮ ಮಕ್ಕಳಿಗೆ ಗೊತ್ತಿಲ್ಲದಂತಾಯಿತು.

ಈಗ ಮತ್ತೆ ಮುಂಬಯಿಯಿಂದ ಗೋವಾಕ್ಕೆ, ಲಕ್ಷದ್ವೀಪಕ್ಕೆ ಪ್ರವಾಸದ ಹಡಗು ಹೋಗುತ್ತದೆಂದು ಅಕ್ಕ ಎಲ್ಲಿಯೋ ಓದಿದ್ದಳು. ನಿಜ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಕಂಪನಿಯವರು ಎಂಪ್ರೆಸ್ ಎಂಬ ಹಡಗಿನಲ್ಲಿ ಮುಂಬಯಿಯಿಂದ ಯಾನ ಆರಂಭಿಸಿದ್ದರು. 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಹಡಗು ಅದು. ಮೊದಲಿನ ಹೆಸರು ನಾರ್ಡಿಕ್ ಎಂಪ್ರೆಸ್. ಹನ್ನೊಂದು ಅಂತಸ್ತು, ಸುಮಾರು ಸಾವಿರದ ಎಂಟುನೂರು ಪ್ರಯಾಣಿಕರು. ನಮ್ಮ ಶಾಲೆಯಂಥ ನಾಲ್ಕು ಶಾಲೆಗಳನ್ನು ಮಾಸ್ತರರ ಸಮೇತ ತುಂಬಬಹುದಾದಷ್ಟು ಜಾಗ!

ಅಕ್ಕನ ಮಗ ಬೆಂಗಳೂರಿನಿಂದ, "ಆಯಿ, ನೀನೊಬ್ಬಳೇ ಯಾಕೆ? ಯಾವಾಗಲಾದರೂ ನಾವೇ ಕರೆದುಕೊಂಡು ಹೋಗ್ತೇವೆ" ಎಂದ. ಒಳ್ಳೆಯ ಹುಡುಗ. ಆದರೆ ಯಾವಾಗಲಾದರೂ ಎಂಬ ದಿನ ಯಾವ ಪಂಚಾಂಗದಲ್ಲೂ ಬರುವುದಿಲ್ಲ. ಅಕ್ಕ ತಾನೇ ಹುಬ್ಬಳ್ಳಿಯ ಒಬ್ಬ ಟ್ರಾವೆಲ್ ಏಜೆಂಟರಿಗೆ ಫೋನು ಮಾಡಿ, ಸಂತೆಯಲ್ಲಿ ಕೇಳುವಂತೆಯೇ ಕೇಳಿದಳು: "ಒಬ್ಬಳಿಗೆ ಎಷ್ಟು?"

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಪಾಠ. ಜಾಹೀರಾತಿನಲ್ಲಿದ್ದ ದರ 14,999 ರೂಪಾಯಿ. ಆದರೆ ಅದು ಒಂದು ಕೋಣೆಯಲ್ಲಿ ಇಬ್ಬರು ಇದ್ದರೆ ತಲಾ ಕೊಡಬೇಕಾದ ಹಣ. ಒಬ್ಬರೇ ಇದ್ದರೆ ಕೋಣೆಯ ಇನ್ನೊಂದು ಹಾಸಿಗೆಯ ಹಣವನ್ನೂ ಅವರೇ ಕೊಡಬೇಕು. ಜಗತ್ತಿನ ಹಡಗುಗಳಲ್ಲೆಲ್ಲ ಹೆಚ್ಚುಕಡಿಮೆ ಇದೇ ಪದ್ಧತಿಯಂತೆ. ಕೋಣೆಯೇ ಅವರ ಲೆಕ್ಕದ ಮೂಲ, ಮನುಷ್ಯರಲ್ಲ. ವ್ಯಾಪಾರದ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಫೋನು ಇಟ್ಟ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹನ್ನೊಂದು ವರ್ಷದಿಂದ ಇಬ್ಬರ ಕೆಲಸ ಒಬ್ಬಳೇ ಮಾಡಿದೆ. ಈಗ ಇಬ್ಬರ ದುಡ್ಡೂ ಒಬ್ಬಳೇ ಕೊಡಬೇಕಂತೆ" ಎಂದಳು. ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ದರಪಟ್ಟಿ ಎಂಬುದು ಜೋಡಿಗಳಿಗಾಗಿಯೇ ಬರೆದದ್ದು ಎಂದು ಅಂದು ನನಗೆ ಗೊತ್ತಾಯಿತು. ವಿಧವೆಯರು, ಮದುವೆಯಾಗದ ಟೀಚರುಗಳು, ಗಂಡನಿಗೆ ತಿರುಗಾಟವೆಂದರೆ ಆಗದ ಹೆಂಡತಿಯರು, ಇವರೆಲ್ಲ ಆ ಪಟ್ಟಿಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರುವವರು. ಕೊನೆಯ ಗುಂಪಿನಲ್ಲಿ ನಾನೂ ಇದ್ದೇನೆ. ನಮ್ಮವರನ್ನು ಕೇಳಿದ್ದಕ್ಕೆ, "ನನಗೆ ದೇವಿಮನೆ ಘಾಟಿಯೇ ಸಮುದ್ರ. ನೀವಿಬ್ಬರೂ ಹೋಗಿ ಬನ್ನಿ" ಎಂದು ಕೈಮುಗಿದರು. ಸರಿ, ಪಟ್ಟಿಗೆ ಜೋಡಿಯೇ ಬೇಕಲ್ಲವೇ? ಅಕ್ಕ ತಂಗಿಯೂ ಜೋಡಿಯೇ. ನನ್ನ ಮೊದಲ ಹಡಗು ಪ್ರಯಾಣ ನಿಶ್ಚಯವಾದದ್ದು ಹೀಗೆ.

ಮುಂದಿನ ಕೆಲಸ ಲೆಕ್ಕದ್ದು. ನಾನು ಬಿ.ಎ., ಬಿ.ಇಡಿ. ಕಲಿಸುವುದು ಕನ್ನಡ, ಸಮಾಜ. ಆದರೂ ಆರನೆಯ ತರಗತಿಯ ಗಣಿತ ಸಾಕಿತ್ತು. 14,999ರ ಏಜೆಂಟರನ್ನು, "ಎಲ್ಲ ಸೇರಿ, ಮತ್ತೆ ಒಂದು ಪೈಸೆಯೂ ಕೇಳದ ಹಾಗೆ ಎಷ್ಟು? ಬರೆದು ಕಳಿಸಿ" ಎಂದೆ. ಬಂದರು ಶುಲ್ಕ, ಹಡಗಿನ ಕೆಲಸಗಾರರ ಸೇವಾ ಶುಲ್ಕ, ಜಿಎಸ್‌ಟಿ, ಏಜೆಂಟರ ಸ್ವಂತ ಶುಲ್ಕ, ಎಲ್ಲ ಕೂಡಿಸಿ ಬರೆದು ಕಳಿಸುವಾಗ ತಲೆಗೆ 23,700 ಆಗಿತ್ತು. ಇನ್ನೊಬ್ಬ ಏಜೆಂಟರು ಮೊದಲೇ 19,800 ಎಂದಿದ್ದರು. ದುಬಾರಿ ಎಂದು ಅವರನ್ನು ಬದಿಗಿಟ್ಟಿದ್ದೆವು. ಬರೆದು ಕೊಡಿ ಎಂದಾಗ ಅವರ ಕಾಗದದಲ್ಲಿಯೂ 19,800 ಎಂದೇ ಇತ್ತು. ಎಲ್ಲ ಸೇರಿಯೇ ಹೇಳಿದ್ದರು. ಅದೇ ಹಡಗು, ಅದೇ ದಿನ, ಅದೇ ತರಹದ ಕೋಣೆ! ದೊಡ್ಡಕ್ಷರದ ಬೆಲೆ ಕೇಳಬೇಡಿ, ಕೊನೆಯ ಸಾಲಿನ ಮೊತ್ತ ಕೇಳಿ ಎಂದು ನಾನು ಈಗ ಎಲ್ಲರಿಗೂ ಹೇಳುತ್ತಿರುತ್ತೇನೆ.

ಕೋಣೆಯ ಮಾತಿಗೆ ಬರೋಣ. ಕಿಟಕಿಯೇ ಇಲ್ಲದ ಒಳಗಿನ ಕೋಣೆ ಎಲ್ಲಕ್ಕಿಂತ ಅಗ್ಗ, ಕಡಲು ಕಾಣುವ ಕಿಟಕಿಯದ್ದು ಅದಕ್ಕಿಂತ ಹೆಚ್ಚು, ಬಾಲ್ಕನಿ ಇದ್ದರೆ ಇನ್ನೂ ಹೆಚ್ಚು. ನನಗೆ ಕಿಟಕಿಯ ಆಸೆ ಇತ್ತು. ಅಕ್ಕ ಕೇಳಿದಳು: "ಒಳಕೋಣೆಯವರನ್ನು ಮೇಲಿನ ಅಟ್ಟಕ್ಕೆ ಬಿಡುವುದಿಲ್ಲವಾ?" ಬಿಡುತ್ತಾರೆ, ಮೇಲಿನ ಬಯಲು ಎಲ್ಲರಿಗೂ ಒಂದೇ, ಊಟದ ಸಾಲೂ ಎಲ್ಲರಿಗೂ ಒಂದೇ. "ಮತ್ತೆ ನಿದ್ದೆ ಮಾಡುವಾಗ ಕಿಟಕಿ ಯಾಕೆ?" ಎಂದಳು. ಅಜ್ಜಿಯ ತಮ್ಮನ ಕಾಲದಲ್ಲಿ ಬಡವರಿಗೆ ಆಕಾಶ ಪುಕ್ಕಟೆ ಸಿಗುತ್ತಿತ್ತು, ಸಾಹುಕಾರರು ಕೋಣೆ ಸೇರುತ್ತಿದ್ದರು. ಈಗ ಕೋಣೆ ಎಲ್ಲರಿಗೂ ಇದೆ, ಕೋಣೆಯಿಂದ ಕಾಣುವ ಆಕಾಶಕ್ಕೆ ಮಾತ್ರ ದುಡ್ಡು. ಆದರೆ ಅಟ್ಟದ ಮೇಲಿನ ಆಕಾಶ ಇಂದಿಗೂ ಪುಕ್ಕಟೆಯೇ.

ಕೊಸರು ಕೇಳದೆ ಅಕ್ಕ ಇಂದಿನವರೆಗೆ ಸೊಪ್ಪಿನ ಕಟ್ಟನ್ನೂ ಕೊಂಡವಳಲ್ಲ. ದರ ಇಳಿಸಲು ಬರುವುದಿಲ್ಲವೆಂದು ಏಜೆಂಟರು ಹೇಳಿದಾಗ, "ಹಾಗಾದರೆ ಕೋಣೆ ನಾವೇ ಆರಿಸುತ್ತೇವೆ, ಅದಕ್ಕೆ ಬೇರೆ ದುಡ್ಡು ಹಾಕಬೇಡಿ" ಎಂದಳು. ಒಪ್ಪಿದರು. ಹಡಗಿನ ನಡುಭಾಗ, ಕೆಳಗಿನ ಅಂತಸ್ತು ಆರಿಸಿದೆವು. ತೊಟ್ಟಿಲಿನ ತುದಿಗಳು ಹೆಚ್ಚು ತೂಗುತ್ತವೆ, ನಡು ಕಡಿಮೆ. ಹಡಗಿನದೂ ಹಾಗೆಯೇ. ವಾಂತಿ ಬರುವವರಿಗೆ ಇದು ಮಾತ್ರೆಗಿಂತ ಮೇಲು.

ದಿನ ಆರಿಸುವುದು ಟೀಚರುಗಳಿಗೆ ಕಷ್ಟ. ನಮಗೆ ರಜೆ ಬಂದಾಗ ಊರಿಗೆಲ್ಲ ರಜೆ. ದೀಪಾವಳಿ, ಕ್ರಿಸ್‌ಮಸ್, ಹೊಸವರ್ಷಕ್ಕೆ ದರ ಏರುತ್ತದೆ. ಹೊರಡುವ ಹೊತ್ತಿಗೆ ಕೋಣೆ ಉಳಿದಿದ್ದರೆ ಕೆಲವೊಮ್ಮೆ ಇಳಿಯುವುದೂ ಉಂಟು. ಆದರೆ ಕಡೆಯ ಗಳಿಗೆಗೆ ಕಾಯುವ ಆಟ ಮುಂಬಯಿಯವರಿಗೆ ಸರಿ, ನಮ್ಮಂಥ ದೂರದವರಿಗಲ್ಲ. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಟಿಕೇಟು ಅರವತ್ತು ದಿನ ಮೊದಲು ಸಿಗುವ ಹಾಗಾಯಿತು. ಹಡಗಿನಲ್ಲಿ ಎರಡು ಸಾವಿರ ಉಳಿಸಿ, ರೈಲಿನಲ್ಲಿ ಜಾಗವಿಲ್ಲದೆ ಹೆಚ್ಚಿನ ದುಡ್ಡು ಕೊಟ್ಟು ಹೋದರೆ ಏನು ಬಂತು? ಆದ್ದರಿಂದ 2025ರ ಏಪ್ರಿಲ್ ಕೊನೆಯ ವಾರವೆಂದು ಗೊತ್ತು ಮಾಡಿ, ಪ್ರಯಾಣ ರದ್ದಾದರೆ ಎಷ್ಟು ಹಣ ವಾಪಸು ಎಂಬುದನ್ನೂ ಬರೆಸಿಕೊಂಡು, ಎರಡೂ ಟಿಕೇಟು ಜೊತೆಗೇ ಮಾಡಿಸಿದೆವು. ದೇಶದೊಳಗಿನ ಯಾನವಾದ್ದರಿಂದ ಪಾಸ್‌ಪೋರ್ಟಿನ ಗೊಡವೆ ಇರಲಿಲ್ಲ, ಆಧಾರ್ ಸಾಕಾಯಿತು. ಲಕ್ಷದ್ವೀಪವಾಗಿದ್ದರೆ ನಮ್ಮ ದೇಶದವರಿಗೂ ಪ್ರವೇಶದ ಪರವಾನಗಿ ಬೇಕು.

ಎಲ್ಲಕ್ಕಿಂತ ಹೆಚ್ಚು ಉಳಿತಾಯವಾದದ್ದು ಒಂದು ಸಣ್ಣ ಯೋಚನೆಯಿಂದ. ಹಡಗಿನಲ್ಲಿ ಮುಂಬಯಿಗೇ ಮರಳುವ ಬದಲು ಗೋವಾದಲ್ಲಿ ಇಳಿದುಬಿಡುವ ಟಿಕೇಟು ಸಿಕ್ಕಿತು. ಮಡಗಾಂವದಿಂದ ಕುಮಟಾ ರೈಲಿನಲ್ಲಿ ಎಷ್ಟು ದೂರ! ಮನೆಬಾಗಿಲಿನಿಂದ ಮನೆಬಾಗಿಲಿಗೆ ಲೆಕ್ಕ ಹಾಕಿದಾಗ ನಮಗೆ ಅದೇ ಲಾಭ. ಹೋಗುವಾಗ ಸಂಜೆ ಕುಮಟಾದಲ್ಲಿ ಮತ್ಸ್ಯಗಂಧಾ ಹತ್ತಿ, ಒಂದು ದಿನ ಮುಂಚೆಯೇ ಮುಂಬಯಿ ತಲುಪಿ, ಡೊಂಬಿವಲಿಯ ಚಿಕ್ಕಮ್ಮನ ಮಗನ ಮನೆಯಲ್ಲಿ ಉಳಿದೆವು. ರೈಲು ತಡವಾದರೆ ನಾವು ಕಾಯಬಹುದು, ಹಡಗು ಕಾಯುವುದಿಲ್ಲ.

ಹಡಗಿನಲ್ಲಿ ಕೈಯಲ್ಲಿ ನಗದು ಹಿಡಿಯುವ ಹಾಗಿಲ್ಲ. ಕೋಣೆಯ ಕಾರ್ಡೇ ಎಲ್ಲಕ್ಕೂ ಲೆಕ್ಕ. ಊಟ ತಿಂಡಿ ಟಿಕೇಟಿನಲ್ಲೇ ಸೇರಿತ್ತು, ಸಸ್ಯಾಹಾರಕ್ಕೂ ಕೊರತೆಯಿರಲಿಲ್ಲ. ತಂಪು ಪಾನೀಯ, ಬೇರೆ ಹೋಟೆಲಿನಂಥ ಊಟ, ಇಂಟರ್‌ನೆಟ್, ಮೈಕೈ ತಿಕ್ಕಿಸುವ ಸೇವೆ, ಇವಕ್ಕೆಲ್ಲ ಬೇರೆ ದುಡ್ಡು. ಕಾರ್ಡು ಉಜ್ಜುವಾಗ ನೋಟು ಕೈಬಿಟ್ಟ ನೋವಾಗುವುದಿಲ್ಲ ನೋಡಿ, ಅಲ್ಲಿಯೇ ಅಗ್ಗದ ಪ್ರವಾಸ ತುಟ್ಟಿಯಾಗುವುದು. ದಡ ಮರೆಯಾಗುವ ಮೊದಲೇ ಫೋನುಗಳನ್ನು ವಿಮಾನದ ಮೋಡಿಗೆ ಹಾಕಿದೆವು. ಹಡಗಿನ ಉಪಗ್ರಹ ಜಾಲಕ್ಕೆ ಫೋನು ಸಿಕ್ಕಿಕೊಂಡರೆ ಬಿಲ್ಲು ಕಡಲಿನಷ್ಟೇ ಆಳವಾಗಬಹುದು. ಎರಡು ರಾತ್ರಿ ಒಂದು ಹಗಲು ನಮ್ಮನ್ನು ಯಾರೂ, "ಉಪ್ಪು ಎಲ್ಲಿಟ್ಟಿದ್ದೀ?" ಎಂದು ಕೇಳಲಿಲ್ಲ. ಈ ಸೌಲಭ್ಯ ಯಾವ ದರಪಟ್ಟಿಯಲ್ಲೂ ಇರಲಿಲ್ಲ.

ಎರಡನೆಯ ರಾತ್ರಿ ಊಟ ಮುಗಿಸಿ ಅಟ್ಟದ ಮೇಲೆ ಹೋದೆವು. ಒಂದು ಕಡೆ ಹಾಡು, ಕುಣಿತ, ಬಣ್ಣದ ದೀಪ. ನಾವು ಹಿಂಬದಿಯ ಕತ್ತಲೆಗೆ ಬಂದು ಕುಳಿತೆವು. ಪೂರ್ವದಲ್ಲಿ ದಡದ ದೀಪಗಳು ಎಳ್ಳಿನಷ್ಟಿಷ್ಟು ಕಾಣುತ್ತಿದ್ದವು. ಕುಮಟಾದ ಮನೆಯಿಂದ ರಾತ್ರಿ ಮೀನುಗಾರರ ದೋಣಿಗಳ ದೀಪ ಹೀಗೆಯೇ ಕಾಣುವುದು. "ಅಲ್ಲಿ ಯಾವಳೋ ಅಂಗಳದಲ್ಲಿ ನಿಂತು ನಮ್ಮ ಹಡಗಿನ ದೀಪ ನೋಡುತ್ತಿರಬಹುದು" ಎಂದಳು ಅಕ್ಕ. ಬಹಳ ಹೊತ್ತು ಮಾತಾಡಲಿಲ್ಲ. ಭಾವನ ನೆನಪಾಯಿತೇನೋ ಎಂದು ನಾನೂ ಕೆಣಕಲಿಲ್ಲ. ಕೊನೆಗೆ ಅವಳೇ, "ಅಜ್ಜಿ ಇಷ್ಟು ಹೆದರಿಸಬಾರದಿತ್ತು" ಎಂದಳು.

ಮರುದಿನ ಬೆಳಿಗ್ಗೆ ಮುರ್ಮಗಾಂವದಲ್ಲಿ ಇಳಿದು, ಟ್ಯಾಕ್ಸಿ ಹಿಡಿದು ಮಡಗಾಂವಕ್ಕೆ ಬಂದು, ಸಂಜೆಯೊಳಗೆ ಕುಮಟಾ ಸೇರಿದೆವು. ಹಸುವಿಗೆ ನೀರಿಟ್ಟು, ದೀಪ ಹಚ್ಚಿ ಅಕ್ಕ ತನ್ನ ಲೆಕ್ಕದ ಪುಸ್ತಕ ತೆಗೆದಳು. ಮೂವತ್ತು ವರ್ಷದಿಂದ ಬರೆಯುತ್ತಿರುವ ಪುಸ್ತಕಗಳು ಅವಳಲ್ಲಿವೆ. ದಿನಸಿ, ಹಿಂಡಿ, ಔಷಧ, ತೆಂಗಿನ ಕೊನೆಗಾರನ ಕೂಲಿ, ಮುಯ್ಯಿ, ದೇವಸ್ಥಾನ ಎಂದು ಗೀಟು ಹಾಕಿದ ಮನೆಗಳು. ರೈಲು, ಟ್ಯಾಕ್ಸಿ, ಹಡಗು ಎಲ್ಲ ಕೂಡಿಸಿದರೆ ಅವಳ ಪಾಲಿಗೆ 22,450 ಆಗಿತ್ತು. ಆ ಮೊತ್ತವನ್ನು ಯಾವ ಮನೆಗೆ ಬರೆಯುವುದೆಂದು ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತಿದ್ದಳು. ಆಮೇಲೆ ಪುಟದ ಬಲತುದಿಯಲ್ಲಿ ಹೊಸದೊಂದು ಗೀಟು ಎಳೆದು, ಮೇಲೆ "ಸ್ವಂತ" ಎಂದು ಬರೆದಳು. ಗೀಟನ್ನು ಪುಟದ ಕೊನೆಯವರೆಗೂ ಎಳೆದಿದ್ದಳು. ಕೆಳಗೆ ಇನ್ನೂ ಬಹಳ ಜಾಗವಿತ್ತು.